ಫೈಬರ್ ಯೋಜನೆಯ ಎಂಟನೇ ಬಾಬ್ತು

ನಾನು ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದಿದವರು ಯಾರೂ ನನ್ನ ಪರವಾಗಿ ಈ ಮಾತು ಆಡುವುದಿಲ್ಲ. ರಸ್ತೆ ದುರಸ್ತಿ ಇಲಾಖೆಯ ಅಂದಾಜು ವಿಭಾಗದಲ್ಲಿ ನಾನು ಇಪ್ಪತ್ತಾರು ವರ್ಷದಿಂದ ಗುಮಾಸ್ತ. ಎಲ್ಲಿ ಗುಂಡಿ ಬಿದ್ದರೂ ಅದನ್ನು ಮುಚ್ಚಲು ಎಷ್ಟು ಖರ್ಚು, ಮುಚ್ಚಿದರೆ ಸಾರ್ವಜನಿಕರಿಗೆ ಎಷ್ಟು ಲಾಭ ಎಂದು ಬರೆಯುವುದು ನನ್ನ ಕೆಲಸ. ಗುಂಡಿ ಮುಚ್ಚುವುದು ಬೇರೆ ವಿಭಾಗದ ಕೆಲಸ, ಅದರ ಸಂಗತಿ ನನಗೆ ತಿಳಿಯದು. ನಮ್ಮ ಬೀದಿಯವರು ಎದುರಿಗೆ ನನ್ನನ್ನು ‘ಎಸ್ಟಿಮೇಟ್ ಸಾರ್’ ಅನ್ನುತ್ತಾರೆ. ಬೆನ್ನ ಹಿಂದೆ ಬರೀ ‘ಎಸ್ಟಿಮೇಟು’.

ಹದಿನಾಲ್ಕು ಮನೆಗಳ ಆ ಬೀದಿಗೆ ಒಂದು ಶನಿವಾರ ಬೆಳಿಗ್ಗೆ ಇಂಟರ್ನೆಟ್ ಕಂಪನಿಯ ಪ್ರತಿನಿಧಿಯೊಬ್ಬ ಬಂದ. ಮಂಡಿಯವರೆಗೆ ಇಳಿಬಿದ್ದ ಕೆಂಪು ಟೈ ಕಟ್ಟಿದ್ದರಿಂದ ಅವನಿಗೆ ಅಂದೇ ‘ಟೈ’ ಎಂದು ಹೆಸರಾಯಿತು. ಫೈಬರ್ ಕೇಬಲ್ಲು ದೊಡ್ಡ ರಸ್ತೆಯ ತನಕ ಬಂದು ನಿಂತಿದೆ, ಕನಿಷ್ಠ ಹತ್ತು ಮನೆಯವರು ಅರ್ಜಿ ಹಾಕಿದರೆ ನಮ್ಮ ಬೀದಿಯೊಳಗೆ ತಿರುಗುತ್ತದೆ, ಇಲ್ಲದಿದ್ದರೆ ನೇರವಾಗಿ ಪಕ್ಕದ ಬೀದಿಗೆ ಹೋಗುತ್ತದೆ ಎಂದು ಅವನು ಮನೆಮನೆಗೂ ಸಾರಿದ. ಪಕ್ಕದ ಬೀದಿಯವರಿಗೆ ನಮಗಿಂತ ಮೊದಲೇ ಬೀದಿದೀಪ ಬಂದಿತ್ತು. ಆ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ.

“ತಿಂಗಳಿಗೆ ನಾನೂರು ತಾನೇ? ಹಾಕಿಸ್ಕೊಳ್ಳಿ. ಮಗಳ ಕಾಲೇಜಿನ ಪಾಠಕ್ಕೂ ಆಗುತ್ತೆ,” ಅಂದಳು ಹೆಂಡತಿ.

“ಯೋಜನೆ ಹಾಕದೆ ನಾನು ಒಂದು ಮೊಳೆನೂ ಹೊಡೆಯೋನಲ್ಲ.”

“ಅದಕ್ಕೇ ಗೋಡೆ ಗಡಿಯಾರ ಹತ್ತು ವರ್ಷದಿಂದ ಮೇಜಿನ ಮೇಲೆ ಮಲಗಿದೆ.”

ದೊಡ್ಡ ಕೆಲಸಕ್ಕೆ ಹೊರಟವರು ಇಂಥ ಮಾತಿಗೆ ಉತ್ತರ ಕೊಡಬಾರದು. ನಾನು ಉದ್ದನೆಯ ಹಾಳೆ, ಅಡಿಕೋಲು, ಎರಡು ಬಣ್ಣದ ಪೆನ್ನು ತೆಗೆದುಕೊಂಡು ಕೂತೆ. ‘ಗೃಹಬಳಕೆಯ ಫೈಬರ್ ಇಂಟರ್ನೆಟ್ ಅಳವಡಿಕೆ: ಮೂರು ವರ್ಷಗಳ ಖರ್ಚು ಮತ್ತು ಲಾಭದ ಅಂದಾಜು’ ಎಂದು ತಲೆಬರಹ ಬರೆದು ಕೆಳಗೆ ಎರಡು ಗೆರೆ ಎಳೆದಾಗಲೇ ಅರ್ಧ ಕೆಲಸ ಮುಗಿದಂತಾಯಿತು.

ಮೊದಲು ಖರ್ಚಿನ ನಾಲ್ಕು ಬಾಬ್ತು. ಮೂವತ್ತಾರು ತಿಂಗಳ ಬಾಡಿಗೆ ಹದಿನಾಲ್ಕು ಸಾವಿರದ ನಾನೂರು. ಅಳವಡಿಕೆಯ ಶುಲ್ಕ ಒಂದೂವರೆ ಸಾವಿರ. ದೀಪ ಮಿಣುಕಿಸುವ ಪೆಟ್ಟಿಗೆಗೆ ಸಾವಿರದ ಇನ್ನೂರು. ಗೋಡೆ ಕೊರೆದು ಹಲಗೆ ಹೊಡೆಯಲು ಐನೂರೈವತ್ತು. ಒಟ್ಟು ಹದಿನೇಳು ಸಾವಿರದ ಆರುನೂರೈವತ್ತು. ಆಮೇಲೆ ಲಾಭದ ಬಾಬ್ತು. ಐದನೆಯದು, ಮೂರು ಫೋನುಗಳ ಡೇಟಾ ಪ್ಯಾಕು ಉಳಿಯುವುದರಿಂದ ಏಳು ಸಾವಿರದ ಇನ್ನೂರು. ಆರನೆಯದು, ಬಿಲ್ಲು ಕಟ್ಟಲು ಓಡಾಡುವ ಬಸ್ ಚಾರ್ಜು ಸಾವಿರದ ನಾನೂರ ನಲವತ್ತು. ಏಳನೆಯದು, ಸಿನಿಮಾ ಟಿಕೆಟ್ಟು ಸಾವಿರದ ಮುನ್ನೂರ ಅರವತ್ತು. ಕೂಡಿದರೆ ಹತ್ತು ಸಾವಿರ. ಯೋಜನೆ ಏಳು ಸಾವಿರದ ಆರುನೂರೈವತ್ತರಷ್ಟು ಮುಗ್ಗರಿಸಿ ಬಿತ್ತು.

ಇಲ್ಲಿ ನಮ್ಮ ಇಲಾಖೆಯ ಪದ್ಧತಿಯೊಂದನ್ನು ಹೇಳಬೇಕು. ಯಾವ ಯೋಜನೆಯೇ ಆಗಲಿ, ಹಾಕಿದ ದುಡ್ಡು ಮೂರು ವರ್ಷದಲ್ಲಿ ವಾಪಸ್ ಬರುತ್ತದೆ ಎಂದು ಕಾಗದದ ಮೇಲೆ ತೋರಿಸಬೇಕು. ತೋರಿಸದಿದ್ದರೆ ಸಾಹೇಬರು ಕಡತದ ಅಂಚಿನಲ್ಲಿ ‘ಬಾಬ್ತು ಹುಡುಕಿ’ ಎಂದು ಬರೆದು ಹಿಂದಕ್ಕೆ ಕಳಿಸುತ್ತಾರೆ. ನಾವು ಹುಡುಕುತ್ತೇವೆ. ಒಮ್ಮೆ ಒಂದು ಕಿರುಸೇತುವೆಗೆ ಲಾಭ ಸಾಲದೆ ಹೋದಾಗ ‘ಪಾದಚಾರಿಗಳ ಚಪ್ಪಲಿ ಸವೆತದಲ್ಲಿ ಉಳಿತಾಯ’ ಎಂದು ಬರೆದು ನಾನು ಎರಡು ಲಕ್ಷ ಹೊರಡಿಸಿದ್ದೆ. ಸೇತುವೆ ಮಂಜೂರಾಯಿತು. ಚಪ್ಪಲಿ ಎಣಿಸಲು ಯಾರೂ ಹೋಗಲಿಲ್ಲ. ಬಾಬ್ತು ಎಂದರೆ ನಮಗೆ ಅಷ್ಟೇ, ಲೆಕ್ಕ ಕೂಡಿಬರಲು ಇಡುವ ಒಂದು ಆಸರೆ.

ಮಾರನೆಯ ದಿನ ಭಾನುವಾರ. ನಾನು ಮುಂದಿನ ಕೋಣೆಯಲ್ಲಿ ಹಾಳೆ ಹರಡಿಕೊಂಡು ಬಾಬ್ತು ಹುಡುಕುತ್ತಿದ್ದೆ. ಹನ್ನೊಂದು ಗಂಟೆಗೆ ಅಕ್ಕ ಬಂದಳು.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಅಪ್ಪ ಅಮ್ಮ ಬೇಗ ಹೋದ ಮೇಲೆ ರಾತ್ರಿ ಪಾಳಿ ಮಾಡಿ ನನ್ನನ್ನು ಓದಿಸಿದವಳು, ಆ ಗಡಿಬಿಡಿಯಲ್ಲಿ ಮದುವೆಯಾಗುವುದನ್ನು ಮರೆತವಳು. ಊರಿನ ಆ ಕೊನೆಯಲ್ಲಿ ಒಂದು ಕೋಣೆಯ ಮನೆ. ಪ್ರತಿ ಭಾನುವಾರ ಎರಡು ಬಸ್ಸು ಬದಲಿಸಿ ನಮ್ಮಲ್ಲಿಗೆ ಬರುತ್ತಾಳೆ, ಹರಟುತ್ತಾಳೆ, ಟೀ ಕುಡಿಯುತ್ತಾಳೆ. ಸಂಜೆ ನಾನು ಟ್ಯಾಕ್ಸಿ ಹತ್ತಿಸಿ ದುಡ್ಡು ಕೊಟ್ಟು ಕಳಿಸುತ್ತೇನೆ. ಇಪ್ಪತ್ತು ವರ್ಷದಲ್ಲಿ ಇದು ತಪ್ಪಿದ್ದು ಎರಡೇ ಸಲ, ಎರಡು ಸಲವೂ ಬಸ್ ಮುಷ್ಕರ.

ಅಂದು ಅವಳು ನನ್ನ ಎದುರಿನ ಕುರ್ಚಿಯಲ್ಲಿ ಕೂತು ಮೂರನೇ ಲೋಟ ಟೀ ಕುಡಿಯುತ್ತಿದ್ದಳು. ನನ್ನ ಕಣ್ಣು ಲೋಟದ ಮೇಲೆ ಬಿತ್ತು. ಆಮೇಲೆ ಬಿಸ್ಕತ್ತಿನ ತಟ್ಟೆಯ ಮೇಲೆ. ತಲೆಯೊಳಗೆ ಇಪ್ಪತ್ತಾರು ವರ್ಷದ ಅಭ್ಯಾಸ ಎದ್ದು ಕೂತಿತು. ನಾಲ್ಕು ಲೋಟ ಟೀಗೆ ಹನ್ನೆರಡು, ಬಿಸ್ಕತ್ತಿಗೆ ಮೂರು, ಟ್ಯಾಕ್ಸಿಗೆ ಮೂವತ್ತೈದು, ಒಟ್ಟು ಐವತ್ತು. ಮೂರು ವರ್ಷಕ್ಕೆ ನೂರೈವತ್ತಾರು ಭಾನುವಾರ. ಐವತ್ತರಿಂದ ಗುಣಿಸಿದರೆ ಏಳು ಸಾವಿರದ ಎಂಟುನೂರು!

ಕೈ ತಾನಾಗಿ ಬರೆಯಿತು. ‘ಎಂಟನೇ ಬಾಬ್ತು: ಅಕ್ಕನ ಭಾನುವಾರದ ಭೇಟಿಯನ್ನು ವಿಡಿಯೊ ಕರೆಯ ಮೂಲಕ ನೆರವೇರಿಸುವುದರಿಂದ ಆಗುವ ಉಳಿತಾಯ.’ ಪಕ್ಕದಲ್ಲೇ ಕಂಸದೊಳಗೆ ನಾಲ್ಕು ಲೋಟ ಟೀ, ಬಿಸ್ಕತ್ತು, ಟ್ಯಾಕ್ಸಿ ಎಂದು ದರ ಸಮೇತ ವಿವರ. ಯೋಜನೆ ನೂರೈವತ್ತು ಲಾಭದಲ್ಲಿ ಎದ್ದು ನಿಂತಿತು.

“ಏನೋ ಅಷ್ಟೊಂದು ಬರೀತಿದ್ದೀಯಾ?” ಅಕ್ಕ ಕೇಳಿದಳು.

“ಲೆಕ್ಕ ಅಕ್ಕಾ.”

“ಬರಿ, ಬರಿ. ನಿನ್ನ ಲೆಕ್ಕ ಚಿಕ್ಕವನಿದ್ದಾಗಲೂ ತಪ್ಪಿದ್ದಿಲ್ಲ,” ಎಂದು ಅವಳು ಬಿಸ್ಕತ್ತಿನ ತಟ್ಟೆಯನ್ನು ನನ್ನ ಕಡೆಗೇ ದೂಡಿದಳು.

ರಾತ್ರಿ ಹಾಳೆ ನೋಡಿದ ಹೆಂಡತಿಯ ಹುಬ್ಬು ಮೇಲೆ ಹೋಯಿತು.

“ಇದೇನ್ರೀ ಇದು? ಅತ್ತಿಗೇನ ಪಟ್ಟಿಗೆ ಸೇರಿಸಿದ್ದೀರಾ?”

“ಅದು ಬರೀ ಲೆಕ್ಕಕ್ಕೆ ಕಣೇ.”

“ಲೆಕ್ಕಕ್ಕೆ ಅಂದ್ರೆ?”

“ಲೆಕ್ಕಕ್ಕೆ ಅಂದ್ರೆ ನಿಜಕ್ಕಲ್ಲ.”

“ನಿಜ ಬರೆಯೋದು ಯಾವಾಗ ಮತ್ತೆ?”

ಅಂದಾಜು ವಿಭಾಗದ ಸೂಕ್ಷ್ಮಗಳು ಹೊರಗಿನವರಿಗೆ ಅರ್ಥವಾಗುವುದಿಲ್ಲ ಎಂದುಕೊಂಡು ನಾನು ದೀಪ ಆರಿಸಿದೆ. ಅವಳ ಮಾತನ್ನು ಅಂದೇ ಕೇಳಿ ಆ ಒಂದು ಸಾಲಿನ ಮೇಲೆ ಅಡ್ಡಗೆರೆ ಎಳೆದಿದ್ದರೆ ಆಗುತ್ತಿತ್ತು. ಪೆನ್ನು ದಿಂಬಿನ ಪಕ್ಕದಲ್ಲೇ ಇತ್ತು.

ಸೋಮವಾರ ಸಂಜೆ ಬೀದಿಯ ಸಭೆ ಸೇರಿದ್ದು ಔಷಧಿ ಅಂಗಡಿಯಲ್ಲಿ. ಅಂಗಡಿಯವರ ಹತ್ತಿರ ಜೆರಾಕ್ಸ್ ಯಂತ್ರವಿತ್ತು, ಉದ್ದನೆಯ ಬೆಂಚಿತ್ತು, ತಲೆನೋವಿನ ಮಾತ್ರೆಯೂ ಕೈಗೆ ಸಿಗುತ್ತಿತ್ತು. ಅಂದಿನ ತನಕ ಅರ್ಜಿ ಹಾಕಿದವರು ಮೂರೇ ಮನೆಯವರು. ನಾನು ಗಂಟಲು ಸರಿಮಾಡಿಕೊಂಡು ಯೋಜನೆ ಓದಿದೆ. ಏಳನೆಯದರ ತನಕ ಎಲ್ಲರೂ ಆಕಳಿಸಿದರು. ಎಂಟನೆಯದು ಓದಿದಾಗ ಬೆಂಚಿನ ಮೇಲಿದ್ದವರೆಲ್ಲ ನೆಟ್ಟಗೆ ಕೂತರು.

“ಇನ್ನೊಂದ್ಸಲ ಓದಿ ಸಾರ್,” ಅಂದ ಮೀಸೆ. ಮೀಸೆ ನಮ್ಮ ಬೀದಿಯ ಬಸ್ ಡ್ರೈವರು, ಮೀಸೆ ಮೊದಲು ತಿರುವಿಗೆ ಬಂದರೆ ಆಮೇಲೆ ಅವನು ಬರುತ್ತಾನೆ.

ಇನ್ನೊಮ್ಮೆ ಓದಿದೆ.

“ಅಂದ್ರೆ ನೆಂಟರ ಖರ್ಚನ್ನ ಲಾಭದಲ್ಲಿ ಬರೀಬಹುದಾ?”

“ನಿಯಮದಲ್ಲಿ ಅವಕಾಶ ಇದೆ,” ಅಂದೆ ಗಂಭೀರವಾಗಿ. ಯಾವ ನಿಯಮ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಔಷಧಿ ಅಂಗಡಿಯವರು ಆಗಲೇ ಯಂತ್ರದ ಗುಂಡಿ ಒತ್ತಿದ್ದರು. ಇಪ್ಪತ್ತು ಪ್ರತಿ ಹೊರಬಂತು. ಬೀದಿಗೆ ಬೀದಿಯೇ ರಾತ್ರಿ ಊಟ ಬಿಟ್ಟು ತಮ್ಮ ತಮ್ಮ ಎಂಟನೇ ಬಾಬ್ತು ತುಂಬಿಸುತ್ತಾ ಕೂತಿತು.

ಮೀಸೆಗೆ ಒಬ್ಬ ಭಾವಮೈದ ಇದ್ದ. ತಿಂಗಳಿಗೆ ಹತ್ತು ದಿನ ಬಂದು ಇರುತ್ತಿದ್ದ, ಬಂದಾಗಲೆಲ್ಲ ಮೂವರ ಊಟ ಒಬ್ಬನೇ ಮಾಡುತ್ತಿದ್ದ. ಮೀಸೆಯ ಯೋಜನೆಯಲ್ಲಿ ನಲವತ್ತೊಂದು ಸಾವಿರ ಲಾಭ ಬಂತು. ಅವನು ಆ ಹಾಳೆಯನ್ನು ಎದೆಗೆ ಹಿಡಿದುಕೊಂಡು ಬೆಳಿಗ್ಗೆ ಆರಕ್ಕೇ ನಮ್ಮ ಬಾಗಿಲು ತಟ್ಟಿದ. “ಸಾರ್, ನಿಮ್ಮದು ಬರೀ ನೂರೈವತ್ತು. ನನ್ನದು ನೋಡಿ!” ಅವನ ಹಿಂದೆಯೇ ಅವನ ಹೆಂಡತಿ ಇನ್ನೊಂದು ಹಾಳೆ ಹಿಡಿದು ಬಂದಳು. ಅದರಲ್ಲಿ ಮೀಸೆಯ ಮೂವರು ತಂಗಿಯರು, ಅವರ ಗಂಡಂದಿರು, ಮಕ್ಕಳು ವಯಸ್ಸಿನ ಪ್ರಕಾರ ಇದ್ದರು. ಲಾಭ ಎಪ್ಪತ್ತೆರಡು ಸಾವಿರ.

“ಯಾವುದು ಸರಿ ಅಂತ ನೀವೇ ಹೇಳಿ ಸಾರ್,” ಅಂದಳು ಅವಳು.

“ಎರಡೂ ಸರಿ. ಕೂಡಿಸಿಕೊಳ್ಳಬಹುದು,” ಅಂದೆ. ಅಂದಿನಿಂದ ಗಂಡ ಹೆಂಡತಿ ಮಾತು ಬಿಟ್ಟರು. ಸುದ್ದಿ ತಿಳಿದ ಭಾವಮೈದ, ತನ್ನನ್ನು ಯಾವ ಕೇಬಲ್ಲು ಉಳಿತಾಯ ಮಾಡುತ್ತದೋ ನೋಡಿಯೇಬಿಡುತ್ತೇನೆ ಎಂದು ಎರಡು ಸೂಟ್‌ಕೇಸು ಸಮೇತ ಬಂದು ಬಿಡಾರ ಹೂಡಿದ.

ಮೂರನೇ ದಿನ ಮಹಡಿ ಮನೆಯ ಅಮ್ಮನವರು ನಿಧಾನವಾಗಿ ಮೆಟ್ಟಿಲಿಳಿದು ಬಂದರು. ಅವರು ಒಂಟಿ. ಹಾಳೆಯಲ್ಲಿ ಎಂಟನೆಯದು ಖಾಲಿ ಬಿಟ್ಟಿದ್ದರು.

“ನಮ್ಮ ಮನೆಗೆ ಯಾರೂ ಬರೋದಿಲ್ಲವಲ್ಲಪ್ಪಾ. ನಾನು ಉಳಿತಾಯ ಎಲ್ಲಿಂದ ತರಲಿ?”

ನಾನು ಪೆನ್ನಿನ ತುದಿ ಕಚ್ಚಿ ಯೋಚಿಸಿದೆ. “ಯಾರಾದರೂ ಬರೋ ಸಂಭವ ಇದೆಯಾ ಅಮ್ಮಾ? ‘ಸಂಭಾವ್ಯ ಭೇಟಿ’ ಅಂತ ತೋರಿಸಬಹುದು.”

ಅವರು ಬಹಳ ಹೊತ್ತು ಹಾಳೆ ನೋಡಿದರು. “ಬರೋ ಹಾಗಿದ್ರೆ ನಾನು ಖರ್ಚಿನ ಕಡೇಲಿ ಬರೀತಿರಲಿಲ್ಲ,” ಎಂದು ಹೇಳಿ ಮೆಟ್ಟಿಲು ಹತ್ತಿ ಹೋದರು. ಆ ಮಾತು ನನಗೆ ಅಂದು ನಾಟಲಿಲ್ಲ. ಲೆಕ್ಕ ಗೊತ್ತಿಲ್ಲದ ಹೆಂಗಸು, ಲಾಭದ ಬಾಬ್ತನ್ನು ಖರ್ಚು ಅನ್ನುತ್ತಾರಲ್ಲ ಎಂದು ನಕ್ಕೆ.

ಅಂತೂ ವಾರದೊಳಗೆ ಹನ್ನೆರಡು ಅರ್ಜಿ ಬಿದ್ದವು. ಅದರಲ್ಲಿ ಅರ್ಧ, ಒಬ್ಬರ ಮೇಲೊಬ್ಬರ ಸಿಟ್ಟಿಗೆ ಹಾಕಿದ್ದು. ಟೈ ನನ್ನ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡ.

“ಸಾರ್, ಆರು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ವೇಗ ಹೇಳ್ದೆ, ಬೆಲೆ ಹೇಳ್ದೆ, ಜನ ಬಾಗಿಲು ಹಾಕ್ಕೊಂಡ್ರು. ನಿಮ್ಮ ಎಂಟನೇದು ಹೇಳ್ದೆ, ಒಳಗೆ ಕರೆದು ಕೂರಿಸಿದ್ರು. ನಿಮ್ಮ ಲೆಕ್ಕಾನ ಕರಪತ್ರ ಮಾಡಿ ಊರಿಗೆಲ್ಲಾ ಹಂಚ್ತೀವಿ. ಒಂದು ಫೋಟೊ ಕೊಡ್ತೀರಾ?”

ನನ್ನ ಮುಖ ಇಲ್ಲಿಯ ತನಕ ಗುರುತಿನ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಅಚ್ಚಾಗಿರಲಿಲ್ಲ. ಔಷಧಿ ಅಂಗಡಿಯವರ ಕೋಟು ಕಡ ತಂದು ಸ್ಟುಡಿಯೊಗೆ ಹೋದೆ. ಕೋಟಿನ ತೋಳು ಬೆರಳ ತುದಿಯ ತನಕ ಬರುತ್ತಿದ್ದುದರಿಂದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ. ಚಿತ್ರದಲ್ಲಿ ನನ್ನನ್ನು ಯಾರೋ ಬಂಧಿಸಿ ಕರೆದೊಯ್ಯುತ್ತಿರುವ ಹಾಗೆ ಕಾಣುತ್ತಿತ್ತು. ಕೆಳಗೆ ‘ಅನುಭವಿ ಯೋಜಕರೊಬ್ಬರ ಮನೆಯ ಲೆಕ್ಕ’ ಎಂದು ದಪ್ಪಕ್ಷರ, ಅದರ ಕೆಳಗೆ ಎಂಟೂ ಬಾಬ್ತು, ವಿವರ ಸಮೇತ. ಕಚೇರಿಯಲ್ಲಿ ಸಾಹೇಬರು ಅದನ್ನು ತಾವೇ ಸೂಚನಾ ಫಲಕಕ್ಕೆ ಚುಚ್ಚಿದರು. “ಬಾಬ್ತು ಹುಡುಕೋದು ಅಂದ್ರೆ ಇದು ಕಣ್ರೀ,” ಎಂದು ಎಲ್ಲರೆದುರು ಬೆನ್ನು ತಟ್ಟಿದರು. ನನ್ನ ಎದೆ ಆ ಕೋಟೂ ಸಾಲದಷ್ಟು ಉಬ್ಬಿತು.

ಅದರ ಮುಂದಿನ ವಾರ, ಶುಕ್ರವಾರ, ಕೇಬಲ್ಲು ಬಂತು. ಮುಂದಿನ ಕೋಣೆಯಲ್ಲಿ ತೂತು ಕೊರೆಯಬೇಕೆಂದು ನಾನು ನಕ್ಷೆ ಬರೆದುಕೊಟ್ಟಿದ್ದೆ. ಕೆಲಸದವರು ನಕ್ಷೆಯನ್ನು ತಿರುಗಿಸಿ ಹಿಡಿದು ಅಡಿಗೆಮನೆಯಲ್ಲಿ ಕೊರೆದರು. ಪೆಟ್ಟಿಗೆ ಸಕ್ಕರೆ ಡಬ್ಬಿಯ ಪಕ್ಕದಲ್ಲಿ ಕೂತು ಹಸಿರು ದೀಪ ಮಿಣುಕಿಸಿತು. ಮಗಳು ವೇಗ ಅಳೆದು ನೋಡಿ, “ಅಪ್ಪಾ, ಸೂಪರ್!” ಅಂದಳು. ಅಂದು ರಾತ್ರಿ ನಾನು ಮಲಗುವ ಮುಂಚೆ ಮೂರು ಸಲ ಎದ್ದು ಹೋಗಿ ಆ ಹಸಿರು ದೀಪ ನೋಡಿ ಬಂದೆ.

ಭಾನುವಾರ ಹನ್ನೊಂದಾಯಿತು. ಅಕ್ಕ ಬರಲಿಲ್ಲ. ಹನ್ನೊಂದೂ ಕಾಲಾಯಿತು. ಹೆಂಡತಿ ಒಲೆಯ ಮೇಲಿನ ಟೀ ಇಳಿಸಿದಳು, ಮತ್ತೆ ಇಟ್ಟಳು. ನಾನು ಬೀದಿಯ ತುದಿಯ ತನಕ ಹೋಗಿ ಬಸ್ಸು ನೋಡಿ ಬಂದೆ. ಹನ್ನೊಂದೂವರೆಗೆ ನನ್ನ ಫೋನು ಬೇರೆಯೇ ಥರ ಬಡಿದುಕೊಂಡಿತು. ವಿಡಿಯೊ ಕರೆ. ಒತ್ತಿದೆ. ಪರದೆಯ ತುಂಬಾ ಒಂದು ಹಣೆ.

“ಕಾಣ್ತಿದ್ದೀನೇನೋ?” ಅಂದಿತು ಹಣೆ.

“ಅಕ್ಕಾ! ಸ್ವಲ್ಪ ದೂರ ಹಿಡಿ... ಆಂ, ಈಗ ಕಾಣ್ತಿದ್ದೀಯ! ಎಷ್ಟು ಸ್ಪಷ್ಟ ನೋಡು! ಯಾರದು ಈ ಫೋನು?”

“ನಂದೇ. ನಿನ್ನೆ ತಗೊಂಡೆ. ಒಂಬತ್ತು ಸಾವಿರ ಆಯ್ತು. ಕೆಳಗಿನ ಮನೆ ಹುಡುಗಿ ಎಲ್ಲಾ ಹೇಳ್ಕೊಟ್ಟಳು.”

ನನ್ನ ದಡ್ಡತನಕ್ಕೆ ಏನು ಹೇಳಲಿ. ಸುಮಾರು ಎರಡು ನಿಮಿಷ ನಾನು ನಿಜವಾಗಿ ಸಂತೋಷಪಟ್ಟೆ. ಅವಳ ತಲೆಯ ಬಿಳಿಕೂದಲು ಒಂದೊಂದೂ ಬೇರೆ ಬೇರೆ ಕಾಣುತ್ತಿತ್ತು. ಹೆಂಡತಿಯನ್ನು ಕೂಗಿ ಕರೆದು ತೋರಿಸಿದೆ. ಹೆಂಡತಿ ಮಾತ್ರ ನಗಲಿಲ್ಲ.

“ಅತ್ತಿಗೆ, ಇವತ್ಯಾಕೆ ಬರಲಿಲ್ಲ?” ಎಂದು ಕೇಳಿದಳು.

“ಬಂದಿದ್ದೀನಲ್ಲಮ್ಮ. ಇನ್ಮೇಲೆ ಹೀಗೇ ಬರೋದು. ಇವನೇ ಬರೆದಿದ್ದಾನಲ್ಲ, ಎಂಟನೇದು.”

ನನ್ನ ಕೈಯಲ್ಲಿದ್ದ ಫೋನು ಜಾರಿ, ಅಕ್ಕ ಒಮ್ಮೆ ನಮ್ಮ ಮನೆಯ ಸೂರನ್ನೆಲ್ಲಾ ನೋಡಿದಳು.

ಆದದ್ದು ಇಷ್ಟು. ಬುಧವಾರ ಅವಳ ಬಾಗಿಲ ಸಂದಿಯಲ್ಲಿ ಕರಪತ್ರ ಬಿದ್ದಿತ್ತು. ಕೋಟು ಹಾಕಿದ ತಮ್ಮನ ಫೋಟೊ ನೋಡಿ ಅವಳಿಗೆ ಹಿಡಿಸಲಾರದಷ್ಟು ಹಿಗ್ಗು. ಕನ್ನಡಕ ರಿಪೇರಿಗೆ ಹೋಗಿದ್ದರಿಂದ ಅಕ್ಷರ ಓದಲು ಆಗಿರಲಿಲ್ಲ. ಹಂಚುವವನ ಹಿಂದೆ ಓಡಿಹೋಗಿ ಇನ್ನೂ ಹತ್ತು ಕರಪತ್ರ ಕೇಳಿ ತಂದು ಆ ಕಟ್ಟಡದ ಮನೆಮನೆಗೂ ಕೊಟ್ಟಿದ್ದಳು. “ನನ್ನ ತಮ್ಮ, ಪೇಪರಲ್ಲಿ ಬಂದಿದ್ದಾನೆ.” ಸಂಜೆ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಸೇರಿದಾಗ ಕೆಳಗಿನ ಮನೆಯ ಹುಡುಗಿಯ ಕೈಯಲ್ಲಿ ಜೋರಾಗಿ ಓದಿಸಿದ್ದಳು.

“ಎಂಟನೇದಕ್ಕೆ ಬಂದಾಗ ಆ ಹುಡುಗಿ ನಿಲ್ಲಿಸಿಬಿಟ್ಟಳು ಕಣೋ. ಯಾಕೆ ನಿಲ್ಲಿಸ್ದೆ, ಮುಂದೆ ಓದು ಅಂದೆ ನಾನು,” ಅಂದಳು ಅಕ್ಕ. ಅದನ್ನು ಅವಳು ನಗುತ್ತಲೇ ಹೇಳಿದಳು. ಫೈಬರ್ ಎಷ್ಟು ಒಳ್ಳೆಯದೆಂದರೆ ಆ ನಗು ಎಲ್ಲಿ ನಿಂತಿತು ಎಂಬುದೂ ನನಗೆ ಕಂಡಿತು.

ಸೋಮವಾರ ಕಚೇರಿಯಿಂದ ನೇರ ಅವಳ ಮನೆಗೆ ಓಡಿದೆ. ಸ್ಟವ್ವಿನ ಪಕ್ಕದಲ್ಲೇ ಮಂಚ, ಮಂಚದ ಮೇಲೆ ಮಡಿಸಿಟ್ಟ ಬಟ್ಟೆ, ಕಿಟಕಿಯ ಹಲಗೆಯ ಮೇಲೆ ಹೊಸ ಫೋನಿನ ಡಬ್ಬಿ. ಅವಳು ಬೈಯುತ್ತಾಳೆ, ಕೆನ್ನೆಗೊಂದು ಬಾರಿಸಿದರೂ ಬಾರಿಸಿಯಾಳು ಎಂದುಕೊಂಡು ಸಿದ್ಧನಾಗಿ ಹೋಗಿದ್ದೆ. ಅವಳು ಟೀ ಕಾಸಿ ಕೊಟ್ಟಳು.

“ಅಕ್ಕಾ, ಕೋಪ ಮಾಡ್ಕೊಬೇಡ. ಅದು ಬರೀ ಲೆಕ್ಕಕ್ಕೆ ಹಾಕಿದ್ದು.”

“ಕೋಪ ಯಾಕೋ? ನಿನಗೆ ಇಷ್ಟೊಂದು ಕಷ್ಟ ಇದೆ ಅಂತ ನನಗೇ ಗೊತ್ತಾಗಲಿಲ್ಲ, ಅದಕ್ಕೆ ಬೇಜಾರು. ಮೊದಲೇ ಹೇಳಿದ್ದಿದ್ರೆ ನಾನೇ ನಿಲ್ಲಿಸ್ತಿದ್ದೆ.”

“ಕಷ್ಟ ಇಲ್ಲಕ್ಕಾ! ಅದು ನಿಜ ಅಲ್ಲ. ಲೆಕ್ಕ ಕೂಡ್ಲಿ ಅಂತ ಒಂದು ಬಾಬ್ತು ಬೇಕಿತ್ತು, ಬರೆದೆ.”

“ನಾಲ್ಕು ಲೋಟ ಅಂತ ಬರೆದಿದ್ದೀಯ. ನಿಜ ತಾನೇ?”

“ನಿಜ... ಆದ್ರೆ...”

“ಟ್ಯಾಕ್ಸಿಗೆ ಮೂವತ್ತೈದು. ಅದೂ ನಿಜ. ಮತ್ತೆ ಯಾವುದೋ ಸುಳ್ಳು?” ಅವಳು ಮಂಚದ ತುದಿಯಲ್ಲಿ ಕೂತಳು. “ನಾನು ಮೂವತ್ತೆಂಟು ವರ್ಷ ವಾರ್ಡಿನಲ್ಲಿ ಚಾರ್ಟು ಬರೆದಿದ್ದೀನಿ. ಜ್ವರ ನೂರಾ ಎರಡು ಅಂತ ಬರೆದ್ರೆ ನೂರಾ ಎರಡೇ ಇರ್ತಿತ್ತು. ಲೆಕ್ಕ ಕೂಡ್ಲಿ ಅಂತ ಇಲ್ಲದ ಜ್ವರ ಬರೆಯೋಕಾಗುತ್ತಾ?”

ನನ್ನ ಇಪ್ಪತ್ತಾರು ವರ್ಷದ ಸೇವೆಯಲ್ಲಿ ಇಂಥ ಆಕ್ಷೇಪಣೆಯನ್ನು ಯಾವ ಸಾಹೇಬರೂ ಎತ್ತಿರಲಿಲ್ಲ.

“ಒಂದು ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡ,” ಅಂದಳು ಅಕ್ಕ ಮೆಲ್ಲಗೆ. “ನನಗೆ ಎರಡು ಲೋಟಾನೇ ಹೆಚ್ಚು. ಮೂರನೇದು ನಾಲ್ಕನೇದು ನೀನು ಬಲವಂತ ಮಾಡ್ತಿದ್ದೆ. ಬೇಡ ಅಂದ್ರೆ ನಿನ್ನ ಮುಖ ಸಣ್ಣಗಾಗುತ್ತಲ್ಲ ಅಂತ ಕುಡೀತಿದ್ದೆ. ಅದು ಖರ್ಚು ಅಂತ ಗೊತ್ತಾಗಲಿಲ್ಲ ಕಣೋ.”

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಅಳು ಬಂತು. ಅಳುವ ಗಂಡಸಿಗೆ ಜನ ಬೇಗ ಸೀಟು ಬಿಟ್ಟುಕೊಡುತ್ತಾರೆ.

ಇಷ್ಟಕ್ಕೇ ನಾನು ಸುಮ್ಮನಿದ್ದಿದ್ದರೆ ಏನೋ. ಆದರೆ ತಪ್ಪಾದಾಗ ಏನು ಮಾಡಬೇಕೆಂದು ನಮ್ಮ ಇಲಾಖೆ ಕಲಿಸಿಕೊಟ್ಟಿದೆ. ತಪ್ಪಾದರೆ ಕ್ಷಮೆ ಕೇಳುವುದಿಲ್ಲ, ತಿದ್ದೋಲೆ ಹೊರಡಿಸುತ್ತೇವೆ. ಮಾರನೆಯ ದಿನ ಕಚೇರಿಯಲ್ಲಿ ಬಾಗಿಲು ಹಾಕಿಕೊಂಡು ಟೈಪು ಮಾಡಿದೆ. ‘ಸದರಿ ಯೋಜನೆಯ ಎಂಟನೇ ಬಾಬ್ತನ್ನು ಈ ಮೂಲಕ ರದ್ದುಪಡಿಸಲಾಗಿದೆ.’ ಅಲ್ಲಿಗೆ ನಿಲ್ಲಿಸಿ ಸಹಿ ಹಾಕಬೇಕಿತ್ತು. ಆದರೆ ಬಾಬ್ತು ತೆಗೆದ ಕೂಡಲೇ ಯೋಜನೆ ಮತ್ತೆ ಏಳು ಸಾವಿರದ ಆರುನೂರೈವತ್ತು ಕಮ್ಮಿ ಬಿತ್ತು. ಕಮ್ಮಿ ಬಿದ್ದ ಹಾಳೆಗೆ ಸಹಿ ಹಾಕಲು ನನ್ನ ಕೈ ಬರುವುದಿಲ್ಲ. ಕಣ್ಣು ಮುಚ್ಚಿ ಯೋಚಿಸಿದೆ. ಕಚೇರಿ ಕ್ಯಾಂಟೀನಿನ ಮಧ್ಯಾಹ್ನದ ಊಟಕ್ಕೆ ಹತ್ತು, ವಾರಕ್ಕೆ ಐದು ಊಟ, ಐವತ್ತು. ಹೊಂದಿಕೊಂಡಿತು! ‘ಬದಲಿ ಬಾಬ್ತು: ಯೋಜಕರು ಮಧ್ಯಾಹ್ನದ ಊಟವನ್ನು ಬಿಡುವುದರಿಂದ ಆಗುವ ಉಳಿತಾಯ, ಏಳು ಸಾವಿರದ ಎಂಟುನೂರು.’ ಸಹಿ ಹಾಕಿ, ಮೊಹರು ಒತ್ತಿ, ರಿಜಿಸ್ಟರ್ ಅಂಚೆಯಲ್ಲಿ ಅಕ್ಕನಿಗೆ ಕಳಿಸಿದೆ. ಇನ್ನು ಎಲ್ಲ ಸರಿಹೋಯಿತು ಎಂದು ನಿಟ್ಟುಸಿರು ಬಿಟ್ಟು ಕ್ಯಾಂಟೀನಿಗೆ ಹೋಗಿ ಎರಡು ಊಟ ಮಾಡಿದೆ.

ಹೆಂಡತಿಗೆ ಹೇಳಿದಾಗ ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. “ಬಾ ಅಕ್ಕಾ ಅಂತ ಎರಡು ಮಾತು ಬರೆಯೋಕೆ ಆಗಲಿಲ್ವೇನ್ರೀ ನಿಮಗೆ?”

ಆ ಎರಡು ಮಾತಿಗೆ ನಮ್ಮ ನಮೂನೆಯಲ್ಲಿ ಜಾಗ ಇರಲಿಲ್ಲ.

ಮುಂದಿನ ಭಾನುವಾರ ಹನ್ನೆರಡು ಗಂಟೆಗೆ ಬಾಗಿಲು ತಟ್ಟಿದ ಸದ್ದಾಯಿತು. ಅಕ್ಕ! ಬೆವರಿ ಒದ್ದೆಯಾಗಿದ್ದಳು. ಹೆಗಲಿಗೆ ದೊಡ್ಡ ಚೀಲ. ನಾನು ಕುಣಿಯುವುದೊಂದು ಬಾಕಿ. ಮಗಳು “ಅತ್ತೆ ಬಂದ್ರು!” ಎಂದು ಬೀದಿಗೆ ಕೇಳುವಂತೆ ಕೂಗಿದಳು. ತಿದ್ದೋಲೆ ಕೆಲಸ ಮಾಡಿತ್ತು!

“ಬಸ್ಸು ಲೇಟಾ ಅಕ್ಕಾ?”

“ಇಲ್ಲ ಕಣೋ, ನಡ್ಕೊಂಡೇ ಬಂದೆ. ಒಂದೂವರೆ ಗಂಟೆ ಹಿಡೀತು. ಹೋಗೋವಾಗ್ಲೂ ನಡ್ಕೊಂಡೇ ಹೋಗ್ತೀನಿ, ಟ್ಯಾಕ್ಸಿಗೀಕ್ಸಿ ಅಂತ ಎದ್ದೇಳಬೇಡ.”

ಹೆಂಡತಿ ಟೀ ಇಡಲು ಓಡಿದಳು. ಅಕ್ಕ ಅವಳ ಕೈ ಹಿಡಿದು ನಿಲ್ಲಿಸಿದಳು. “ಒಲೆ ಹಚ್ಚಬೇಡಮ್ಮ.” ಚೀಲದಿಂದ ಒಂದು ಫ್ಲಾಸ್ಕು ತೆಗೆದಳು. ಆಮೇಲೆ ಒಂದು ಲೋಟ. “ತೊಳೆಯೋ ಕೆಲಸಾನೂ ಇರಬಾರದು ಅಂತ ಲೋಟಾನೂ ತಂದಿದ್ದೀನಿ.” ಆಮೇಲೆ ಮೂರು ಅಂತಸ್ತಿನ ಊಟದ ಡಬ್ಬಿ. ಅದನ್ನು ಬಿಚ್ಚಿ ನನ್ನ ಮುಂದೆ ಸಾಲಾಗಿ ಇಟ್ಟಳು. ಅನ್ನ ಇನ್ನೂ ಬೆಚ್ಚಗಿತ್ತು.

“ಊಟ ಬಿಡ್ತೀಯಂತೆ. ಬಂದಿತ್ತು ಕಾಗದ, ಮೊಹರು ಹಾಕಿದ್ದು. ನಾನು ಒಬ್ಬಳು ಭಾನುವಾರ ಬರಬೇಕು ಅಂತ ನೀನು ವಾರವಿಡೀ ಉಪವಾಸ ಇರೋದು ಬೇಡ ಕಣೋ. ತಿನ್ನು.”

“ಅಕ್ಕಾ, ಅದೂ ಬರೀ ಲೆಕ್ಕಕ್ಕೆ...”

“ಗೊತ್ತು. ತಿನ್ನು.”

ನಾನು ತಿಂದೆ. ಆ ಮೊದಲ ತುತ್ತಿಗೇ ಕಣ್ಣು ತುಂಬಿಬಂತು, ಆದರೂ ತಿಂದೆ, ಅಕ್ಕ ಎದುರಿಗೆ ಕೂತಿರುವಾಗ ತಟ್ಟೆಯಲ್ಲಿ ಬಿಡುವುದು ನಮ್ಮಲ್ಲಿ ಎಂದೂ ನಡೆದಿಲ್ಲ. ಬಾಗಿಲಲ್ಲಿ ಮೀಸೆ ಇಣುಕಿದ, ಅವನ ಹಿಂದೆ ಅವನ ಭಾವಮೈದ. ಊಟದ ವಾಸನೆ ಹಿಡಿದು ಬಂದಿದ್ದ ಭಾವಮೈದ ನನ್ನ ಮುಖ ನೋಡಿ, ಏನೂ ಕೇಳದೆ ಮೀಸೆಯನ್ನು ಎಳೆದುಕೊಂಡು ಹೋದ.

ಅಕ್ಕ ತನ್ನ ಫ್ಲಾಸ್ಕಿನಿಂದ ತನ್ನ ಲೋಟಕ್ಕೆ ಟೀ ಬಗ್ಗಿಸಿಕೊಂಡು, ಎಂದಿನಂತೆಯೇ ಹರಟಿದಳು. ಕನ್ನಡಕ ರಿಪೇರಿಯಾದದ್ದು, ಕೆಳಗಿನ ಮನೆಯ ಹುಡುಗಿಗೆ ಕೆಲಸ ಸಿಕ್ಕಿದ್ದು, ಹೊಸ ಫೋನು ರಾತ್ರಿ ತಾನಾಗಿ ಬೆಳಗುವುದು. ಮಗಳನ್ನು ನಗಿಸಿದಳು. ಅವಳಲ್ಲಿ ಎಲ್ಲಿಯೂ ಹುಸಿ ಇರಲಿಲ್ಲ, ಚುಚ್ಚುಮಾತು ಇರಲಿಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ. ಬಿಸ್ಕತ್ತಿನ ತಟ್ಟೆಯನ್ನು ಹೆಂಡತಿ ಮುಂದೆ ತಂದಿಟ್ಟಾಗ ಅಕ್ಕ ಅದನ್ನು ಕಾಣದವಳ ಹಾಗೆ ಕಿಟಕಿಯ ಕಡೆ ನೋಡಿದಳು.

ಒಂದೂವರೆಗೆ ಎದ್ದು ಲೋಟ ಒರೆಸಿ ಚೀಲಕ್ಕೆ ಹಾಕಿಕೊಂಡಳು. ಹೊರಗಿನ ಬಿಸಿಲನ್ನು ನೋಡಿ ಸೆರಗಿನಿಂದ ಕತ್ತು ಒರೆಸಿಕೊಂಡಳು. ಒಂದೂವರೆ ಗಂಟೆಯ ದಾರಿ. ಒಂದು ಕ್ಷಣ ಹಿಂದೆಮುಂದೆ ನೋಡಿ, ಹೆಂಡತಿಯ ಕಡೆ ತಿರುಗಿದಳು.

“ಒಂದು ಲೋಟ ನೀರು ಕೊಡ್ತೀಯೇನಮ್ಮಾ? ನೀರು ಪಟ್ಟಿಯಲ್ಲಿ ಇರಲಿಲ್ಲ.”

ಹೆಂಡತಿ ಸೆರಗು ಬಾಯಿಗೊತ್ತಿಕೊಂಡು ಅಡಿಗೆಮನೆಗೆ ಹೋದವಳು ಬರಲಿಲ್ಲ. ನಾನೇ ಹೋಗಿ ತಂದುಕೊಟ್ಟೆ. ಅಕ್ಕ ನಿಂತುಕೊಂಡೇ ಒಂದೇ ಉಸಿರಿಗೆ ಕುಡಿದಳು. ಅವಳಿಗೆ ತುಂಬಾ ಬಾಯಾರಿತ್ತು. ನಾನು ಒಳಗೆ ಹೋಗಿ ಇನ್ನೊಂದು ಲೋಟ ತಂದೆ.